ಅಡುಗೆಮನೆಯ ಮತಗಟ್ಟೆ

ಬೆಳಗಿನ ಏಳಕ್ಕೆ ಇನ್ನೇನು ಎರಡು ನಿಮಿಷ. ಎಲುನೆಡ್ ಪ್ರೊಸೆರ್ ಖಾಲಿ ಮತಪೆಟ್ಟಿಗೆಯನ್ನು ಬಾಗಿಲ ಕಡೆ ವಾಲಿಸಿ ಹಿಡಿಯುತ್ತಾರೆ. ಹೊರಗೆ ಜಡಿಮಳೆಯಲ್ಲಿ ನಿಂತಿರುವ ಬಸ್ ಡ್ರೈವರ್ ಗ್ಲಿನ್ ಒಳಗೆ ಇಣುಕುತ್ತಾನೆ.

"ನೋಡ್ಕೊಂಡ್ಯಾ? ಖಾಲಿ."

"ನಮ್ಮ ಕೌನ್ಸಿಲರುಗಳ ತಲೆ ಇದ್ದ ಹಾಗೆ."

"ಇವತ್ತು ನನಗೆ ಕಿವಿ ಕೇಳಲ್ಲ, ಗ್ಲಿನ್."

ಪೆಟ್ಟಿಗೆಗೆ ಸೀಲು ಬೀಳುತ್ತದೆ. ಕ್ವಮ್ ಹೆಲಿಗ್ ಊರಿನ ಕೌನ್ಸಿಲ್ ಉಪಚುನಾವಣೆ ಶುರುವಾಗುತ್ತದೆ, ಒಂದು ಅಡುಗೆಮನೆಯಲ್ಲಿ.

ಎಲುನೆಡ್‌ಗೆ ಐವತ್ತೆಂಟು. ವರ್ಷವಿಡೀ ಶಾಲೆಯ ಮಕ್ಕಳಿಗೆ ಅಡುಗೆ ಮಾಡುತ್ತಾರೆ. ಚುನಾವಣೆ ಬಂದಾಗ ರಜೆ ಹಾಕಿ ಮತಗಟ್ಟೆಯ ಅಧಿಕಾರಿಯಾಗುತ್ತಾರೆ. ಗೆದ್ದವರ ಫೋಟೋ ನಮ್ಮ ಪತ್ರಿಕೆಯಲ್ಲಿ ಬರುತ್ತದೆ. ಇವರದು ಬಂದಿಲ್ಲ, ಬರಬೇಕೆಂದು ಇವರು ಕೇಳಿಯೂ ಇಲ್ಲ. ಆದರೆ ಈ ಸಲ ಇವರು ಹಟ ಹಿಡಿದಿದ್ದಾರೆ. ಈ ಊರಿನ ಮತಗಟ್ಟೆ ಉಳಿಯಬೇಕು.

ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ನಮ್ಮ ಕಣಿವೆಯ ತುದಿಯಲ್ಲಿ ಬ್ಯಾಂಕು ಮುಚ್ಚಿತು, ಅಂಚೆ ಕಚೇರಿ ಮುಚ್ಚಿತು, ಗ್ರಂಥಾಲಯ ಮುಚ್ಚಿತು. ಪ್ರತಿ ಸಲವೂ ಕಾರಣ ಒಂದೇ: ಜನ ಬರುವುದಿಲ್ಲ. ಈಗ ಜಿಲ್ಲಾಡಳಿತ ನಡೆಸುವ ಕೌಂಟಿ ಕೌನ್ಸಿಲ್ಲಿನವರು ಅದೇ ಮಾತನ್ನು ಮತಗಟ್ಟೆಗೂ ಹೇಳಿದ್ದಾರೆ. ಈ ಸಲವೂ ಜನ ಬಾರದಿದ್ದರೆ ಮುಂದಿನ ಚುನಾವಣೆಗೆ ಎಲ್ಲರೂ ಕೆಳಗಿನ ಪಾಂಟ್‌ಹೆಲಿಗ್‌ಗೆ ಇಳಿಯಬೇಕು. ಇಳಿಯುವುದು ಕಷ್ಟವಲ್ಲ, ಹತ್ತುವುದು ಕಷ್ಟ. ಸಂಜೆಯ ಮೇಲೆ ಬಸ್ಸಿಲ್ಲ.

ಜನ ಯಾಕೆ ಬರಲಿಲ್ಲ ಎನ್ನುವುದು ಊರಿಗೆಲ್ಲ ಗೊತ್ತು, ಕೌನ್ಸಿಲ್ಲಿಗೆ ಗೊತ್ತಿರಲಿಲ್ಲ. ಮೊದಲು ಮತಗಟ್ಟೆ ಇದ್ದದ್ದು ಎಬೆನೆಜರ್ ಎಂಬ ಚಾಪೆಲ್‌ನ, ಅಂದರೆ ಪುಟ್ಟ ಚರ್ಚಿನ, ಹಿಂದಿನ ಹಾಲ್‌ನಲ್ಲಿ. ಆ ಚಾಪೆಲ್ ಮಾರಾಟವಾಗಿ ಫ್ಲ್ಯಾಟುಗಳಾಯಿತು. ಕಳೆದ ಚುನಾವಣೆಯಲ್ಲಿ ಮತಗಟ್ಟೆಯನ್ನು ಎದುರಿನ, ಬೇರೆ ಪಂಗಡದ ಕಾರ್ಮೆಲ್ ಚಾಪೆಲ್‌ನ ಹಾಲ್‌ಗೆ ಸ್ಥಳಾಂತರಿಸಿದರು. ನಡುವೆ ಇರುವುದು ಒಂದು ರಸ್ತೆ ಮಾತ್ರ. ಆದರೆ ಅರ್ಧ ಊರು ಎಬೆನೆಜರಿನದು. ಅವರಲ್ಲಿ ಹೆಚ್ಚಿನವರು ಮೂವತ್ತು ವರ್ಷದಿಂದ ಯಾವ ಪ್ರಾರ್ಥನೆಗೂ ಹೋದವರಲ್ಲ. ಹೋಗದೇ ಇರುವ ಚಾಪೆಲ್ಲಾದರೂ ತಮ್ಮದೇ ಇರಬೇಕು ಎಂದು ಕಾರ್ಮೆಲ್ಲಿನ ಹೊಸ್ತಿಲು ತುಳಿಯಲಿಲ್ಲ.

"ನಾನು ಕೌನ್ಸಿಲ್ ಆಫೀಸಿಗೆ ಫೋನ್ ಮಾಡಿ ಹೇಳ್ದೆ," ಎನ್ನುತ್ತಾರೆ ಎಲುನೆಡ್. "ಫೋನ್ ಎತ್ತಿದ ಹುಡುಗ ನಕ್ಕ. 'ಮೇಡಂ, ಬರೀ ಒಂದು ಕಟ್ಟಡ ತಾನೆ?' ಅಂದ. ನಿನಗೆ ಕಟ್ಟಡ ಕಣಪ್ಪ, ಇವರಿಗೆ ಅಪ್ಪನ ಜಗಳ, ತಾತನ ಜಗಳ ಅಂದೆ."

ಬುದ್ಧಿ ಹೇಳಿ ಜನರನ್ನು ಕರೆತರುವ ಯೋಚನೆ ಎಲುನೆಡ್‌ಗೆ ಬರಲೇ ಇಲ್ಲ. ಅವರು ಬೇರೆ ಬಾಗಿಲು ಹುಡುಕಿದರು. ಎಂಬತ್ತನಾಲ್ಕರ ಗಣಿ ಮುಷ್ಕರದಲ್ಲಿ ಊರಿಗೆ ಊರೇ ಹಸಿದಿದ್ದಾಗ ಕಾರ್ಮೆಲ್ ಹಾಲ್‌ನ ಬೆನ್ನಿಗೆ ಗಣಿ ಕಾರ್ಮಿಕರೇ ಇಟ್ಟಿಗೆ ಕಟ್ಟಿ ಒಂದು ಅಡುಗೆಮನೆ ಎಬ್ಬಿಸಿದ್ದರು. ಪಾತ್ರೆ ಎಬೆನೆಜರಿನಿಂದ ಬಂತು. ಎರಡೂ ಕಡೆಯ ಹೆಂಗಸರು ಒಂದೇ ಒಲೆಯಲ್ಲಿ ಸೂಪು ಕುದಿಸಿದರು. ಹದಿನೇಳರ ಎಲುನೆಡ್ ಅಲ್ಲಿ ಆಲೂಗಡ್ಡೆ ಸುಲಿದಿದ್ದರು. ಆ ಅಡುಗೆಮನೆಗೆ ಹಿಂದಿನ ಓಣಿಯಿಂದ ಬೇರೆ ಬಾಗಿಲಿದೆ. ಅದನ್ನು ಯಾರೂ ಕಾರ್ಮೆಲ್ ಅನ್ನುವುದಿಲ್ಲ.

ಅನುಮತಿ ಸುಲಭಕ್ಕೆ ಸಿಗಲಿಲ್ಲ. ಜಾಗ ಸಾಲದು ಅಂದರು, ಇವರು ಫ್ರಿಜ್ ಹೊರಗೆ ಸಾಗಿಸಿದರು. ಗಾಲಿಕುರ್ಚಿ ಬರಲಾರದು ಅಂದರು, ಸೂಪಿನ ಹಂಡೆ ತಳ್ಳಲು ಮಾಡಿದ್ದ ಇಳಿಜಾರು ತೋರಿಸಿದರು. ಕೊನೆಗೆ ಆ ಹುಡುಗನೇ ಬಂದು ನೋಡಿ ಒಪ್ಪಿ ಹೋದ.

ಹತ್ತರ ಹೊತ್ತಿಗೆ ಹೈಡನ್ ಪ್ಯೂ ಬರುತ್ತಾರೆ. ಎಬೆನೆಜರಿನ ಮುದುಕ, ಎಲುನೆಡ್‌ರ ಅಪ್ಪನ ಜೊತೆ ಗಣಿಗಿಳಿದವರು. ಬಾಗಿಲಲ್ಲೇ ನಿಂತು ಒಳಗಿನ ಗೋಡೆಯನ್ನು ಕೋಲಿನಿಂದ ತೋರಿಸುತ್ತಾರೆ.

"ಆ ಗೋಡೆಯಾಚೆ ಕಾರ್ಮೆಲ್ ತಾನೆ?"

"ಗೋಡೆಯಾಚೆ. ನೀನು ಈಚೆ ಇದ್ದೀಯ, ಹೈಡನ್ ಮಾಮ."

"ಫೋಟೋ ಇರೋ ಕಾರ್ಡು ತಂದಿಲ್ಲ."

"ಅದು ಲಂಡನ್ನಿನ ಪಾರ್ಲಿಮೆಂಟ್ ಚುನಾವಣೆಗೆ. ಕೌನ್ಸಿಲ್ಲಿಗೆ ಬೇಡ. ಹೆಸರು ಹೇಳು."

"ಹುಟ್ಟಿದಾಗಿಂದ ನೋಡಿದೀಯ, ಹೆಸರು ಕೇಳ್ತೀಯಾ?"

"ಹುಟ್ಟಿದ್ದು ನಾನು, ನೋಡಿದ್ದು ನೀನು. ಹೆಸರು ಹೇಳು, ಕಾನೂನು."

ಮುದುಕ ಹೆಸರು ಹೇಳಿ, ಮತಪತ್ರ ಹಿಡಿದು, ಒಲೆಯ ಪಕ್ಕದ ಹಲಗೆ ಮರೆಗೆ ಹೋಗುತ್ತಾರೆ. ಮತ ಹಾಕಿ ಬಂದವರು ಮೂಗೆಳೆದು ನೋಡುತ್ತಾರೆ. "ಅಡುಗೆಮನೆ ಅಂತೀರಿ, ಒಂದು ಲೋಟ ಚಹಾ ಇಲ್ವೇನೇ?"

"ಕೊಟ್ರೆ ಲಂಚ ಅಂತಾರೆ. ಮನೇಗೆ ಹೋಗಿ ಕುಡಿ."

"ಜಿಪುಣಿ. ನಿಮ್ಮಮ್ಮ ಹೀಗಿರಲಿಲ್ಲ," ಎನ್ನುತ್ತ ಹೊರಡುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ಓಣಿಯ ಮೂರು ಮನೆಯವರು ಬರುತ್ತಾರೆ.

ಮಧ್ಯಾಹ್ನಕ್ಕೆ ಕಳೆದ ಸಲದ ಇಡೀ ದಿನದ ಮತಗಳನ್ನು ಈ ಸಲದ್ದು ದಾಟುತ್ತದೆ. ಇಷ್ಟು ಸಾಕೇ ಎಂದು ಕೌನ್ಸಿಲ್ಲಿನವರು ಮುಂದಿನ ತಿಂಗಳು ತೀರ್ಮಾನಿಸುತ್ತಾರೆ. ಇಲ್ಲವೆಂದರೆ? "ಇಲ್ಲ ಅಂದ್ರೆ ಅವರ ಸಭೆಗೆ ಹೋಗಿ ಕೂರ್ತೀನಿ. ಮುಷ್ಕರದಲ್ಲಿ ಊರ ಒಲೆ ಆರಿದಾಗ ನಮ್ಮಮ್ಮ ಧರಣಿ ಕೂತಿದ್ರು. ಕೂರೋದು ನಮಗೆ ಬರುತ್ತೆ."

ನಿಮಗೇನು ಆಸೆ ಎಂದು ಕೇಳುತ್ತೇನೆ. ಪೆನ್ಸಿಲ್ ಚೂಪು ಮಾಡುತ್ತಲೇ ಹೇಳುತ್ತಾರೆ:

"ಸಾಲು. ಓಣಿ ದಾಟಿ ರಸ್ತೆವರೆಗೂ ಜನ ನಿಂತಿರಬೇಕು. ಕಾಲು ನೋಯ್ತಿದೆ, ಎಷ್ಟು ಹೊತ್ತೇ ನಿನ್ನದು ಅಂತ ಇಡೀ ಊರು ನನ್ನ ಬೈಬೇಕು. ಹಾಗೆ ಒಂದು ಸಲ ಬೈಸ್ಕೊಂಡು ಆಮೇಲೆ ಬಿಡ್ತೀನಿ ಈ ಕೆಲಸ."

ಬಾಗಿಲಲ್ಲಿ ಯಾರೋ ಕೊಡೆ ಮಡಚುತ್ತಾರೆ. ಎಲುನೆಡ್ ನನ್ನನ್ನು ಪಕ್ಕಕ್ಕೆ ಸರಿಸುತ್ತಾರೆ.

"ದಾರಿ ಬಿಡಿ. ಬನ್ನಿ, ಹೆಸರು ಹೇಳಿ."