ಮೂರನೆಯ ಗೆರೆ ಇಲ್ಲದ ಬಿಂದಿಗೆ

ಇಂಥ ಕಥೆಗಳನ್ನು ಬೇರೆಯವರು ಹೇಳಲು ಶುರು ಮಾಡಿದರೆ ಕಾಫಿಗೆ ನೀರಿಡುವ ನೆಪದಲ್ಲಿ ಒಳಗೆ ಹೋಗುವವನು ನಾನು. ನೀವೂ ಹಾಗೆ ಮಾಡಿದರೆ ನನಗೆ ಬೇಜಾರಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅಷ್ಟೆ.

ಅಪ್ಪ ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುತ್ತಿದ್ದವರು. ನನ್ನ ತಂಗಿ ಗೌರಿ ನಾಲ್ಕು ವರ್ಷದವಳಿದ್ದಾಗ "ಒಂದು, ಎಲ್ಡು, ನಾಕು" ಎಂದು ಎಣಿಸುತ್ತಿದ್ದಳು. ಎಷ್ಟು ತಿದ್ದಿದರೂ ಮೂರು ಅವಳ ಬಾಯಿಗೆ ಬರಲಿಲ್ಲ. ಅಪ್ಪ ಅವಳಿಗೆಂದೇ ನಿಂಬೆಹಣ್ಣಿನ ಗಾತ್ರದ ಹಳದಿ ಬಿಂದಿಗೆ ಕಡೆದು, ಎರಡು ಕೆಂಪು ಗೆರೆ ಹಾಕಿ, ಮೂರನೆಯದರ ಜಾಗ ಖಾಲಿ ಬಿಟ್ಟು ನಾಲ್ಕನೆಯದನ್ನು ಹಾಕಿಕೊಟ್ಟರು. ಅಂಥದ್ದನ್ನು ಇನ್ನೊಂದು ಮಾಡಲಿಲ್ಲ. ಯಾವ ಅಂಗಡಿಯವನು ತಾನೆ ಕೊಳ್ಳುತ್ತಾನೆ?

ಆ ವರ್ಷವೇ ಜ್ವರ ಬಂದು ಗೌರಿ ಹೋದಳು. ಮಣ್ಣು ಮಾಡುವಾಗ ಅವಳ ಕೈಯೊಳಗೆ ಬಿಂದಿಗೆ ಇಟ್ಟವರು ಅಪ್ಪನೇ. ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆಮೇಲೆ ನಲವತ್ತು ವರ್ಷ ಅಪ್ಪ ಅವಳ ಹೆಸರೆತ್ತಲಿಲ್ಲ. ನಾವು ಎತ್ತಿದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಅಪ್ಪನನ್ನು ಅಂಡಮಾನಿಗೆ ಕರೆದುಕೊಂಡು ಹೋದೆವು. ಒಳ್ಳೆ ಬಿಸಿಲು. ಮರಳಿನ ಮೇಲೆಲ್ಲ ಶಂಖವನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುವ ಏಡಿಗಳು. ಬೇರೆ ಕೆಲಸವಿಲ್ಲ, ಅವುಗಳನ್ನೇ ನೋಡುತ್ತ ಕೂತೆವು.

"ಏಡಿ ತೋರ್ಸಕ್ಕೆ ಇಮಾನ ಹತ್ತುಸ್ದೇನ್ಲಾ? ನಮ್ ಕಣ್ವ ಹೊಳೆ ಗದ್ದೆ ಬದೀಲಿ ಇರ್ಲಿಲ್ವಾ?" ಎಂದರು ಅಪ್ಪ.

"ಆ ಏಡಿ ಮನೆ ಹೊತ್ಕಂಡು ತಿರುಗ್ತವಾ ಮಾವ?" ಎಂದಳು ಹೆಂಡತಿ. "ಇವು ಬೆಳೆದಂಗೆಲ್ಲ ದೊಡ್ಡ ಮನೆ ಹುಡುಕ್ಕೊತಾವಂತೆ."

"ಅಂಗಾರೆ ನಿನ್ ಗಂಡನಿಗಿಂತ ವಾಸಿ ಬುಡವ್ವ. ಇವ್ನು ಇನ್ನೂ ಬಾಡ್ಗೆ ಮನೇಲೇ ಅವ್ನೆ."

ನಾವು ನಗುತ್ತಿರುವಾಗಲೇ ಇನ್ನೊಂದು ಏಡಿ ಬಂತು. ಅದರ ಬೆನ್ನ ಮೇಲಿದ್ದದ್ದು ಶಂಖವಲ್ಲ, ಮರದ ಬಿಂದಿಗೆ. ಹಳದಿ ಮಾಸಿತ್ತು. ಎರಡು ಕೆಂಪು ಗೆರೆ, ಒಂದು ಸಂದು, ಮತ್ತೊಂದು ಗೆರೆ.

ನಾನು ಕೈ ಚಾಚಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು. "ಬುಡ್ಲಾ. ಕಿತ್ಕಂಡ್ರೆ ಅದು ಎಲ್ಲೋಯ್ತದೆ ಈ ಬಿಸ್ಲಲ್ಲಿ?"

ಮಿಕ್ಕ ಏಡಿಗಳು ನಮ್ಮ ನೆರಳು ಬಿದ್ದರೆ ಸಾಕು, ಒಳಗೆ ಮುದುಡಿಕೊಳ್ಳುತ್ತಿದ್ದವು. ಇದು ಅಪ್ಪನ ಪಾದದ ಹತ್ತಿರ ಬಂದು ಸುಮ್ಮನೆ ನಿಂತಿತು. ಅಪ್ಪ ಬಗ್ಗಿ, ಮುಟ್ಟದೆ, ಬೆರಳು ತೋರಿಸುತ್ತ ಎಣಿಸಿದರು. "ಒಂದು, ಎಲ್ಡು, ನಾಕು." ಆಮೇಲೆ ಮೆಲ್ಲಗೆ, "ಮರಳು ಸುಡ್ತದೆ, ನೆಳ್ಳಿಗೋಗವ್ವ ಗೌರಿ" ಎಂದರು. ಅದು ಪೊದೆಯ ನೆರಳಿಗೆ ಹೋಯಿತು.

ಮಣ್ಣೊಳಗಿನ ಮರ ಅಷ್ಟು ವರ್ಷ ಉಳಿಯುವುದಿಲ್ಲ. ಯಾರದೋ ಮಗು ಬೀಳಿಸಿಕೊಂಡ ಬಿಂದಿಗೆ ಇರಬಹುದು, ಒಂದು ಗೆರೆಯನ್ನು ಸಮುದ್ರ ಸವೆಸಿರಬಹುದು. ಇದನ್ನೆಲ್ಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಆದರೆ ಆ ಸಂದಿನಲ್ಲಿ ಗೆರೆ ಸವೆದ ಗುರುತೇ ಇಲ್ಲದೆ ಹಳದಿ ಅರಗಿನ ಬಣ್ಣ ನುಣ್ಣಗೆ ಹೊಳೆಯುತ್ತಿದ್ದದ್ದು ಕಣ್ಣಿಂದ ಹೋಗುವುದಿಲ್ಲ.

ಈಗ ಅಪ್ಪ ಊಟದ ಹೊತ್ತಲ್ಲೇ ಗೌರಿಯ ಮಾತು ತೆಗೆಯುತ್ತಾರೆ. ಕಳೆದ ವಾರ ಇನ್ನೊಂದು ಬಿಂದಿಗೆ ಕಡೆದರು, ಮೊದಲಿನದಕ್ಕಿಂತ ದೊಡ್ಡದು. ಗೆರೆ ಮಾತ್ರ ಹಾಗೆಯೇ. "ಬೆಳೆದಿರ್ತದೆ ಕಣ್ಲಾ. ಹಳೇದು ಬಿಗಿಯಾಗಿರ್ತದೆ" ಎಂದರು.

ಮುಂದಿನ ತಿಂಗಳು ಮತ್ತೆ ಅಂಡಮಾನಿಗೆ ಹೊರಡುತ್ತಿದ್ದೇವೆ. ಬಿಂದಿಗೆ ನನ್ನ ಚೀಲದಲ್ಲಿದೆ.