ಹಿತ್ತಲ ಕಕ್ಕಸಿನ ಇರುವೆ

ಬದನವಾಳಿನ ಮಂಚಮ್ಮನಿಗೆ ಓದು ಬರಹ ಬಾರದು. ಆದರೆ ಇರುವೆಯ ವಿಷಯದಲ್ಲಿ ಅವಳಿಗೆ ಬುದ್ಧಿ ಹೇಳುವವರು ನಂಜನಗೂಡಿನಲ್ಲಿ ಯಾರೂ ಇರಲಿಲ್ಲ. ಹದಿನಾಲ್ಕು ವರ್ಷದಿಂದ ಅವಳು ಬೆಳಗಿನ ಬಸ್ಸಿಗೆ ಬಂದು, ದೇವಸ್ಥಾನದ ಹಿಂದಿನ ಬೀದಿಯಲ್ಲಿ ಕೃಷ್ಣಮೂರ್ತಿ ಮೇಷ್ಟ್ರ ಮನೆಯ ಪಾತ್ರೆ, ಬಟ್ಟೆ, ಕಸ, ಹಿತ್ತಲು ಎಲ್ಲ ಮುಗಿಸಿ ಮೂರು ಗಂಟೆಯ ಬಸ್ಸಿಗೆ ವಾಪಸಾಗುತ್ತಿದ್ದಳು. ಮೇಷ್ಟ್ರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಅವರ ಹೆಂಡತಿ ಭಾಗೀರಥಮ್ಮ ಪಾಪಪುಣ್ಯಕ್ಕೆ ಬಹಳ ಹೆದರುವ ಹೆಂಗಸು. ಮನೆಯಲ್ಲಿ ಇರುವೆ ಇರಕೂಡದು, ಹಾಗಂತ ಇರುವೆಯನ್ನು ಕೊಲ್ಲಲೂ ಕೂಡದು ಎಂಬುದು ಅವರ ಕಟ್ಟಪ್ಪಣೆ. ಮೈಸೂರಿನಿಂದ ಔಷಧಿ ಹೊಡೆಯುವವರನ್ನು ಕರೆಸೋಣ ಎಂದು ಮಗಳು ಸುಚೇತಾ ಹೇಳಿದಾಗಲೆಲ್ಲ, ಮಂಚಮ್ಮ ಇರುವಾಗ ಅವರೇಕೆ ಎಂದು ಬಾಯಿ ಮುಚ್ಚಿಸುತ್ತಿದ್ದರು. ಪುಣ್ಯ ಅವರದು, ಪಾಡು ಮಂಚಮ್ಮನದು.

ಉಳಿದವರು ಇರುವೆ ಕಂಡರೆ ಸಕ್ಕರೆ ಡಬ್ಬಿಯ ಕಡೆ ಓಡುತ್ತಾರೆ. ಮಂಚಮ್ಮ ತಿರುಗಿ ನಡೆಯುತ್ತಿದ್ದಳು. ಸಾಲು ಎಲ್ಲಿಗೆ ಹೋಗುತ್ತದೆ ಎಂದು ನೋಡುವವಳಲ್ಲ, ಎಲ್ಲಿಂದ ಬರುತ್ತದೆ ಎಂದು ನೋಡುವವಳು. ಗೋಡೆಯ ಅಂಚು ಹಿಡಿದು, ಬಗ್ಗಿ, ಕೆಲವೊಮ್ಮೆ ಅಂಬೆಗಾಲಿಟ್ಟು ಹೋಗಿ ಬಿಲವನ್ನು ಕಂಡುಹಿಡಿದ ಮೇಲೆ ಅದರಾಚೆ ಒಂದು ತೆಂಗಿನ ಚಿಪ್ಪಿನಲ್ಲಿ ಬೆಲ್ಲದ ಚೂರು ಇಡುತ್ತಿದ್ದಳು. ಮನೆಯೊಳಗಿನ ಸಾಲಿನ ದಾರಿಯನ್ನು ಉಪ್ಪುನೀರಿನ ಬಟ್ಟೆಯಿಂದ ಒರೆಸಿ ವಾಸನೆ ಕಳೆಯುತ್ತಿದ್ದಳು. ದಿನಕ್ಕೊಂದು ಗೇಣು ಚಿಪ್ಪನ್ನು ಹಿಂದಕ್ಕೆ ಸರಿಸುತ್ತ ಸರಿಸುತ್ತ ವಾರದೊಳಗೆ ಇಡೀ ದಂಡನ್ನು ನುಗ್ಗೆಮರದ ಬುಡಕ್ಕೆ ಸೇರಿಸಿ, ಬಿಲಕ್ಕೆ ಅರಿಶಿನ ತುಂಬಿ ಸುಣ್ಣ ಮೆತ್ತಿದರೆ ಮುಗಿಯಿತು. ಅಡುಗೆಮನೆಯಲ್ಲಾದರೆ ಅವಳು ಹೊಸ್ತಿಲಿನ ಈಚೆಯೇ ನಿಂತು, ಅಮ್ನೋರೆ ಅಲ್ಲಿ, ಇನ್ನೂ ಎಡಕ್ಕೆ, ಎಂದು ಹೇಳಿ ಭಾಗೀರಥಮ್ಮನ ಕೈಯಲ್ಲೇ ಅರಿಶಿನ ಹಾಕಿಸುತ್ತಿದ್ದಳು. ಬೀದಿಯ ನಾಲ್ಕಾರು ಮನೆಯವರೂ ಅವಳನ್ನು ಕರೆಯುತ್ತಿದ್ದರು. ಅಷ್ಟರಮಟ್ಟಿಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇದ್ದರೆ ತಪ್ಪೇನು? ಅವಳ ಹತ್ತಿರ ಇದ್ದದ್ದು ಅದೊಂದೇ ವಿದ್ಯೆ.

ಹೋದ ಸಂಕ್ರಾಂತಿ ಕಳೆದ ಮೇಲೆ ಹಿತ್ತಲ ಕಕ್ಕಸಿಗೆ ಇರುವೆ ಬಂತು. ಮನೆಯವರಿಗೆ ಒಳಗೇ ಟೈಲ್ಸ್ ಹಾಕಿದ ಬಾತ್‌ರೂಮಿತ್ತು. ಹಿತ್ತಲದ್ದು ಹಳೆಯದು, ನೆಲದ ಸಿಮೆಂಟು ಬಿರುಕು ಬಿಟ್ಟದ್ದು, ಕೆಲಸದವರಿಗೆ ಎಂದು ಉಳಿಸಿದ್ದು. ಕೆಲಸದವರು ಎಂದರೆ ಮಂಚಮ್ಮ ಒಬ್ಬಳೇ. ಬಿರುಕಿನ ಸುತ್ತ ಸಣ್ಣ ಕರಿಯಿರುವೆ ಮುತ್ತಿಕೊಂಡಿದ್ದವು. ಅವಳು ಬಿಲ ಹುಡುಕಿದಳು, ಅರಿಶಿನ ತುಂಬಿದಳು, ಸುಣ್ಣ ಮೆತ್ತಿದಳು. ಎರಡು ದಿನ ಬಿಟ್ಟು ಇನ್ನೊಂದು ಕಡೆಯಿಂದ ಬಂದವು. ಬೇವಿನೆಣ್ಣೆ ಸುರಿದಳು. ಕರ್ಪೂರ ಪುಡಿಮಾಡಿ ಹಾಕಿದಳು. ಅಂದಿನ ಮಟ್ಟಿಗೆ ಹೋದವು, ಮಾರನೆಯ ದಿನ ಅವಳಿಗಿಂತ ಮೊದಲೇ ಬಂದು ಕೂತಿದ್ದವು. ಸರಿಯಾಗಿ ನೀರು ಹುಯ್ಯುವುದಿಲ್ಲ ನೀನು ಎಂದು ಭಾಗೀರಥಮ್ಮ ಗದರಿದರು. ಹದಿನಾಲ್ಕು ವರ್ಷದಲ್ಲಿ ಇರುವೆಯ ದೆಸೆಯಿಂದ ಅವಳು ಬೈಸಿಕೊಂಡದ್ದು ಅದೇ ಮೊದಲು, ಅವಳಿಗೆ ಅಳುವೇ ಬಂದುಬಿಟ್ಟಿತು.

ಇರುವೆ ಸುಮ್ಮನೆ ಬರುವ ಜಾತಿಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಉಚ್ಚೆಗೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಎಂಬುದೂ ಗೊತ್ತಿತ್ತು, ಅವಳ ಊರಲ್ಲಿ ಯಾರಿಗೆ ಗೊತ್ತಿಲ್ಲ? ಹಾಗಾದರೆ ಯಾರದು? ಅವಳ ತಲೆ ನೆಟ್ಟಗೆ ಮೇಷ್ಟ್ರ ಕಡೆ ಹೋಯಿತು. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಮನೆಗೆಲ್ಲ ತಿಳಿದದ್ದೇ. ಎರಡು ಹೊತ್ತು ಮಾತ್ರೆ, ವಾರಕ್ಕೊಮ್ಮೆ ಬೆರಳು ಚುಚ್ಚಿ ಮಿಷನ್ನಿನಲ್ಲಿ ನೋಡಿಕೊಳ್ಳುವುದು. ಬೆಳಗ್ಗೆ ಹೂ ಕೊಯ್ಯಲು ಹಿತ್ತಲಿಗೆ ಹೋದವರು ಒಂದು ದಿನ ಕಕ್ಕಸಿನ ಕಡೆಯಿಂದ ಚೊಂಬು ಹಿಡಿದು ಬರುತ್ತಿದ್ದುದನ್ನು ಅವಳೇ ಕಂಡಿದ್ದಳು. ತುಳಸಿಗೆ ನೀರು ಹಾಕಿ ಬರುತ್ತಿದ್ದರೋ ಏನೋ, ಅವಳು ಅಷ್ಟು ಯೋಚಿಸಲಿಲ್ಲ. ತನ್ನ ಮೇಲೆ ಅನುಮಾನವಂತೂ ಬರಲೇ ಇಲ್ಲ. ಸಕ್ಕರೆ ಕಾಯಿಲೆ ಕೂತು ತಿನ್ನುವವರಿಗೆ ಬರುವುದು, ಮುದ್ದೆ ಸೊಪ್ಪು ತಿಂದು ದಿನವಿಡೀ ಬಗ್ಗಿ ಏಳುವವಳಿಗೆ ಎಲ್ಲಿಂದ ಬರಬೇಕು ಎಂದು ಅವಳ ಲೆಕ್ಕ. ಆಗಲೇ ಅವಳು ಹೊತ್ತಿಗೆರಡು ಚೊಂಬು ನೀರು ಕುಡಿದು ಗಳಿಗೆಗೊಮ್ಮೆ ಹಿತ್ತಲಿಗೆ ಹೋಗುತ್ತಿದ್ದಳು. ಬಿಸಿಲು ಹೆಚ್ಚಾಯಿತಲ್ಲ, ಅದಕ್ಕೆ ಎಂದುಕೊಂಡಿದ್ದಳು.

ಮೇಷ್ಟ್ರ ಮರ್ಯಾದೆಯ ವಿಷಯ ಎಂದು ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಭಾಗೀರಥಮ್ಮ ಬೈದರೆ ಬೈಸಿಕೊಂಡಳು. ಅವರು ಹಿತ್ತಲಿಗೆ ಬರುವ ಮೊದಲೇ ಕಕ್ಕಸು ತೊಳೆದಿಡುತ್ತಿದ್ದಳು. ಆಗಾಗ, ಮಾತ್ರೆ ತಗೊಂಡ್ರಾ ಮೇಷ್ಟ್ರೇ ಎಂದು ಕೇಳುತ್ತಿದ್ದಳು. ಅವರು ಪೇಪರಿನಿಂದ ಕಣ್ಣೆತ್ತದೆ ಹೂಂ ಎನ್ನುತ್ತಿದ್ದರು.

ಶಿವರಾತ್ರಿಯ ಮುಂದೆ ಟಿ. ನರಸೀಪುರಕ್ಕೆ ಕೊಟ್ಟಿದ್ದ ಮಗಳು ರೋಜಾಳಿಗೆ ಹೆರಿಗೆಯಾಯಿತು. ಮಂಚಮ್ಮ ಎಂಟು ದಿನ ರಜೆ ಹೇಳಿ ಹೋದಳು. ಬಾಣಂತಿಯ ನೀರು ನಿಡಿ ನೋಡಿಕೊಂಡು, ಮೊಮ್ಮಗಳನ್ನು ಕಾಲಮೇಲೆ ಹಾಕಿಕೊಂಡು ಎರೆದು ಬಂದಳು. ಬಂದ ದಿನ ನೋಡಿದರೆ ಹಿತ್ತಲ ಕಕ್ಕಸಿನಲ್ಲಿ ಒಂದು ಇರುವೆಯೂ ಇರಲಿಲ್ಲ. ಹೋಗುವ ಮುಂಚೆ ಹಾಕಿದ್ದ ಅರಿಶಿನ ಕೆಲಸ ಮಾಡಿತು ಎಂದು ಅವಳು ಭಾಗೀರಥಮ್ಮನ ಮುಂದೆ ಹೇಳಿಕೊಂಡು ನಕ್ಕಳು. ಮೂರನೆಯ ದಿನಕ್ಕೆ ಅವು ಮತ್ತೆ ಬಂದವು. ಮೇಷ್ಟ್ರು ಅಂದು ಹಿತ್ತಲ ಬಾಗಿಲಲ್ಲಿ ನಿಂತು, ಒಮ್ಮೆ ಇರುವೆಯನ್ನೂ ಒಮ್ಮೆ ಅವಳ ಕೈಯಲ್ಲಿದ್ದ ನೀರಿನ ಚೊಂಬನ್ನೂ ನೋಡಿ ಒಳಗೆ ಹೋದರು.

ಮೇ ತಿಂಗಳಲ್ಲಿ ಸುಚೇತಾಳ ಮದುವೆ. ಒಂದು ತಿಂಗಳು ಮನೆ ತುಂಬ ನೆಂಟರು, ಗುಡ್ಡೆ ಪಾತ್ರೆ, ರಾಶಿ ಬಟ್ಟೆ. ಮಂಚಮ್ಮನಿಗೆ ಕಣ್ಣು ಕತ್ತಲಿಟ್ಟು ಒಗೆಯುವ ಕಲ್ಲಿನ ಮೇಲೆ ಎರಡು ಸಲ ಕುಸಿದದ್ದಾಯಿತು. ಒಂದು ಲೋಟ ಪಾನಕ ಕುಡಿ ಎಂದು ಭಾಗೀರಥಮ್ಮ ಕರುಣೆಯಿಂದ ತಾವೇ ತಂದುಕೊಟ್ಟರು. ಬೆಲ್ಲದ ಪಾನಕ.

ಆಷಾಢದಲ್ಲಿ ಅವಳು ಇರುವೆಯ ಮೇಲೆ ಕೊನೆಯ ಯುದ್ಧಕ್ಕೆ ಹೊರಟಳು. ಅಮ್ನೋರು ಮಠಕ್ಕೆ ಹೋದ ಹೊತ್ತು ನೋಡಿ, ಅವರ ಕಟ್ಟಪ್ಪಣೆ ಮೀರಿ, ಹಿತ್ತಲ ನೀರೊಲೆಯ ಮೇಲಿನ ಕುದಿನೀರನ್ನು ತಂದು ಬಿರುಕಿಗೆ ಸುರಿದಳು. ನೀರು ವಾಪಸು ಹರಿದು ಅವಳ ಎಡಗಾಲಿನ ಮೇಲೆ ಬಂತು. ಅವಳಿಗೆ ಗೊತ್ತೇ ಆಗಲಿಲ್ಲ. ಬಸ್ಸಿನಲ್ಲಿ ಚಪ್ಪಲಿ ಬಿಚ್ಚಿದಾಗ ಬೊಬ್ಬೆ ಎದ್ದದ್ದು ಕಂಡು, ಗೇದು ಗೇದು ಕಾಲು ಕೊರಡಾಗೈತೆ ಎಂದು ಪಕ್ಕದವಳಿಗೆ ತಮಾಷೆ ಮಾಡಿದಳು. ಬೊಬ್ಬೆ ಒಡೆಯಿತು, ಹುಣ್ಣಾಯಿತು, ಮಾಯಲಿಲ್ಲ. ಮಗ ನಟರಾಜ್ ಬಲವಂತ ಮಾಡಿ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಮೂರು ಬೆರಳು ಕಪ್ಪಾಗಿದ್ದವು. ಮೈಸೂರಿನಲ್ಲಿ ಮೂರನ್ನೂ ತೆಗೆದರು. ವರ್ಷದ ಮೇಲಾಗಿರಬೇಕು ನಿಮಗೆ ಸಕ್ಕರೆ ಬಂದು, ಕಾಲು ಜೋಮು ಹಿಡಿದದ್ದೂ ಅದರಿಂದಲೇ, ಉಚ್ಚೆ ಹೊಯ್ದ ಕಡೆ ಇರುವೆ ಬರುತ್ತಿರಲಿಲ್ಲವೇ ಎಂದು ಡಾಕ್ಟರಮ್ಮ ಕೇಳಿದರು. ಇರುವೆಯ ಹುಟ್ಟು ಹುಡುಕುವ ವಿದ್ಯೆ ಕಲಿತವಳು ತನ್ನ ಬುಡಕ್ಕೇ ಬಂದ ಸಾಲನ್ನು ಕಾಣದೆ ಹೋದೆನಲ್ಲ ಎಂದು ಮಂಚಮ್ಮ ಹಾಸಿಗೆಯ ಮೇಲೆ ತಲೆ ತಲೆ ಚಚ್ಚಿಕೊಂಡಳು. ತಪ್ಪು ನನ್ನದೇ ಎಂದುಕೊಂಡಳು.

ಗೌರಿಹಬ್ಬ ಕಳೆದ ಮೇಲೆ ಭಾಗೀರಥಮ್ಮ ಹೇಳಿಕಳಿಸಿದರು. ಹೊಸದಾಗಿ ಬಂದ ಕೆಲಸದವಳಿಗೆ ಏನೂ ತಿಳಿಯದು, ಅಡುಗೆಮನೆಗೆಲ್ಲ ಇರುವೆ ತುಂಬಿವೆ, ಒಂದು ಸಲ ಬಂದು ಬಿಲ ತೋರಿಸಿ ಹೋಗಲಿ ಎಂದು. ಮಂಚಮ್ಮ ಕೋಲೂರಿಕೊಂಡು, ಮಗನ ತೋಳು ಹಿಡಿದು ಬಂದಳು. ನಟರಾಜ್ ಜಗುಲಿಯ ಮೇಲೆ ಕೂತ. ಅವಳನ್ನು ಕಂಡು ಭಾಗೀರಥಮ್ಮನಿಗೆ ನಿಜವಾಗಿಯೇ ಕಣ್ಣೀರು ಬಂತು. ಅಯ್ಯೋ ಎಂದು ಕಾಲು ನೋಡಿದರು, ಕಾಫಿ ಕೊಟ್ಟರು, ಸಕ್ಕರೆ ಹಾಕಿಲ್ಲ ಎಂದು ಮುತುವರ್ಜಿಯಿಂದ ಹೇಳಿದರು. ಆಮೇಲೆ, ಗಂಡನ ಬುದ್ಧಿವಂತಿಕೆಯ ಮೇಲಿನ ಅಭಿಮಾನಕ್ಕೆ, ಬಾಯಿ ತಪ್ಪಿ ಬಂದದ್ದೂ ಅಲ್ಲ, ಸಹಜವಾಗಿ ಹೇಳಿದರು:

"ಇವ್ರು ಶಿವರಾತ್ರಿಲೇ ಕಂಡುಹಿಡಿದಿದ್ರು ಕಣೇ ಮಂಚಮ್ಮ. ನೀನು ಎಂಟು ದಿನ ಊರಿಗೆ ಹೋಗಿದ್ಯಲ್ಲ, ಆವಾಗ ಇರುವೆ ಇರ್ಲಿಲ್ಲ. ನೀನು ಬಂದೆ, ಅವೂ ಬಂದ್ವು. 'ನೋಡು ಭಾಗೀರಥಿ, ಪ್ರಯೋಗ ಮಾಡಿದ ಹಾಗೇ ಆಯ್ತು, ಮಂಚಮ್ಮನಿಗೆ ಶುಗರ್ ಇದೆ' ಅಂದ್ರು. ಹೇಳೋಣ ಅಂತಲೇ ಇದ್ವಿ. ಮದುವೆ ಹತ್ರ ಬಂದಿತ್ತು. ನೀನು ಆಸ್ಪತ್ರೆ ಗೀಸ್ಪತ್ರೆ ಅಂತ ಕೂತ್ರೆ ನಮಗೆ ಯಾರಿದ್ರು ಹೇಳು? ಮದುವೆ ಕಳೀಲಿ ಅಂತಿದ್ವಿ. ಆಮೇಲೆ ಮರೆತೇ ಹೋಯ್ತು."

ಮರೆತೇ ಹೋಯಿತಂತೆ. ಆರತಿ ತಟ್ಟೆ ಮರೆತ ಹಾಗೆ, ಛತ್ರದಲ್ಲಿ ಒಂದು ಲೋಟ ಬಿಟ್ಟು ಬಂದ ಹಾಗೆ.

ಮೇಷ್ಟ್ರು ಕುರ್ಚಿಯಲ್ಲೇ ಇದ್ದರು. ಹೆಂಡತಿಯನ್ನು ಸುಮ್ಮನಿರು ಎಂದು ಗದರಿ, ಹೆಂಗಸರ ಹತ್ತಿರ ಅಂಥ ವಿಷಯ ಹೇಗೆ ಎತ್ತುವುದು, ತಮಗೆ ಮುಜುಗರವಾಯಿತು ಎಂದು ಗೋಡೆಗೆ ಹೇಳಿದರು.

ಮಂಚಮ್ಮ ಕಾಫಿ ಲೋಟ ಕೆಳಗಿಟ್ಟಳು. ಕೂಗಾಡಲಿಲ್ಲ.

"ನಾನು ಅದು ನಿಮ್ದು ಅನ್ಕಂಡಿದ್ದೆ ಮೇಷ್ಟ್ರೇ," ಎಂದಳು. "ನಿಮ್ಗೆ ಕಾಯ್ಲೆ ಜಾಸ್ತಿಯಾಗೈತೆ, ನಾಕ್ ಜನಕ್ಕೆ ಗೊತ್ತಾದ್ರೆ ನಿಮ್ ಮರ್ವಾದಿ ಓಯ್ತದೆ ಅಂತ ಆರು ತಿಂಗ್ಳು ಬೈಸ್ಕಂಡು ತೊಳ್ದೆ. ಅದ್ಕೇ ಮಾತ್ರೆ ತಗೊಂಡ್ರಾ ಅಂತ ಕೇಳ್ತಿದ್ದೆ."

ಭಾಗೀರಥಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಆಗಿದ್ದು ಆಗಿಹೋಯಿತು, ಇರುವೆ ಎಲ್ಲಿಂದ ಬರ್ತಿದೆ ಅಂತ ಒಂಚೂರು ನೋಡಿ ಹೇಳಿಬಿಡು ಎಂದು ಅಡುಗೆಮನೆಯ ಕಡೆ ಕೈ ತೋರಿಸಿದರು.

ಮಂಚಮ್ಮ ಎದ್ದು ಹೊಸ್ತಿಲಿನ ತನಕ ನಡೆದಳು. ಅಲ್ಲಿ ನಿಂತ ಮೇಲೆ ಅವಳಿಗೆ ಕಾಣಲು ಎರಡು ಗಳಿಗೆ ಬೇಕಾಗಲಿಲ್ಲ. ಸಿಲಿಂಡರಿನ ಹಿಂದೆ, ಕಡಪ ಕಲ್ಲು ಗೋಡೆಗೆ ಕೂಡುವಲ್ಲಿ ಸಣ್ಣ ಸಂದು, ಅದರ ಬಾಯಲ್ಲಿ ಪುಡಿಮಣ್ಣು. ಒಂದು ಚಿಟಿಕೆ ಅರಿಶಿನದ ಕೆಲಸ.

"ಗೊತ್ತಾಯ್ತಾ ಇಲ್ಲ ಕಣ್ರಮ್ಮ," ಎಂದಳು.

ಇರುವೆಯ ವಿಷಯದಲ್ಲಿ ಅವಳು ಯಾರಿಗೂ ಹಿಂದೆಂದೂ ಸುಳ್ಳು ಹೇಳಿರಲಿಲ್ಲ. ಹೇಳಿದ್ದಕ್ಕೆ ಸಮಾಧಾನವಾಗಬಹುದೆಂದುಕೊಂಡಿದ್ದಳು, ಅದೂ ಆಗಲಿಲ್ಲ. ನಟರಾಜನ ತೋಳು ಹಿಡಿದು ಮೆಟ್ಟಿಲು ಇಳಿಯುವಾಗ ಎಡಗಾಲು ಎಲ್ಲಿ ಊರಿತು ಎಂಬುದು ಅವಳಿಗೆ ತಿಳಿಯಲಿಲ್ಲ, ಕೆಳಗೆ ನೋಡಿಕೊಂಡೇ ಇಳಿದಳು.