ಮಾವನ ಕಾರಿನ ಎಡಗಾಲು

ನನ್ನ ಗಂಟಲಿನಲ್ಲಿ ಕೊಟ್ಟೂರಿನ ಅರ್ಧ ಊರು ವಾಸವಾಗಿದೆ. ಹರಪನಹಳ್ಳಿ ಬಸ್ಸಿನ ಕಂಡಕ್ಟರು, ಮೂಗಿನಿಂದ ಸಿಟ್ಟಾಗುವ ನಮ್ಮಪ್ಪ, ಸೋಸಿ ಸೋಸಿ ಮಾತಾಡುವ ಅತ್ತೆ, ಎಲ್ಲರೂ ಕರೆದಾಗ ಬರುತ್ತಾರೆ. ನನ್ನ ಸ್ವಂತ ದನಿಗೆ ಮಾತ್ರ ಬೆಲೆಯಿಲ್ಲ. ಗಂಡಸಾದ ನಾನು ಫೋನೆತ್ತಿ ಹಲೋ ಎಂದರೂ ಆ ಕಡೆಯವರು "ಅಕ್ಕಾರ, ಮನ್ಯಾಗ ಗಂಡಸರು ಯಾರರ ಅದಾರೇನ್ರಿ" ಎನ್ನುತ್ತಾರೆ.

ಜನರಿಗಿಂತ ಗಾಡಿಗಳ ದನಿ ನನಗೆ ಸುಲಭ. ಅದರಲ್ಲೂ ಮಾವನ ಕಾರಿನದು. ಗಣಿ ಜೋರಿದ್ದ ಕಾಲದಲ್ಲಿ ಯಾರೋ ಕಂಟ್ರಾಕ್ಟರು ತರಿಸಿ, ಆಮೇಲೆ ತಾಡಪಾಲಿನ ಕೆಳಗೆ ಮರೆತುಬಿಟ್ಟಿದ್ದ, ನೆಲಕ್ಕೆ ಅಂಟಿದಂತಿರುವ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಅದು. ಖಾರದ ಪುಡಿ ಗಿರಣಿ ನಡೆಸುವ ನನ್ನ ಸೋದರಮಾವ ಅದನ್ನು ಕೊಂಡಾಗ ಅತ್ತೆ ಒಂದೇ ಮಾತು ಕೇಳಿದಳು. "ಇದರಾಗ ಕುಂದ್ರೂದೋ, ಮಲಗೂದೋ?"

ಅದನ್ನು ಮುಟ್ಟುವ ಧೈರ್ಯವಿದ್ದದ್ದು ಹಗರಿಬೊಮ್ಮನಹಳ್ಳಿಯ ಒಬ್ಬ ಮಿಸ್ತ್ರಿಗೆ. ಟ್ರ್ಯಾಕ್ಟರ್ ರಿಪೇರಿಯಲ್ಲಿ ಕೂದಲು ನೆರೆಸಿಕೊಂಡವರು. ಕಾರಿನ ಕೆಳಗೆ ಮಲಗಿ, ಮುಂದಿನ ಎಡ ಚಕ್ರ ಹಿಡಿದ, ತುಕ್ಕು ತಿಂದ ಕಬ್ಬಿಣದ ತೋಳನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಅದರ ಮೇಲೆ ಉಜ್ಜಿದರು. ಸವೆದುಹೋಗಿದ್ದ ಪಾರ್ಟ್ ನಂಬರು ಬೆಳ್ಳಗೆ ಎದ್ದು ಬಂತು. ಅವರು ಒಂದೊಂದೇ ಅಂಕಿ ಓದಿದರು, ನಾನು ಅಂಗೈ ಮೇಲೆ ಬರೆದುಕೊಂಡೆ. ಆ ನಂಬರು ಹಿಡಿದು ಹುಡುಕಿದ ತೋಳು ಬರಲು ಎರಡು ತಿಂಗಳಾಯಿತು.

ಹೊಸದನ್ನು ಕೂರಿಸುವಾಗ ಅದರ ತುದಿಯನ್ನು ನನಗೆ ತೋರಿಸಿದರು. ತೊಡೆಯ ಕೀಲಿನ ಹಾಗೆ, ಬಟ್ಟಲಿನೊಳಗೆ ತಿರುಗುವ ಉಕ್ಕಿನ ಗುಂಡು. ಅದರ ಮೇಲೆ ಗ್ರೀಸ್ ತುಂಬಿದ ರಬ್ಬರಿನ ಟೊಪ್ಪಿಗೆ.

"ಈ ಟೊಪಗಿ ಹರೀತಂದ್ರ ಒಳಗ ನೀರು, ಮಣ್ಣು ಹೋಗ್ತಾವ. ಗುಂಡು ಸವೀತೈತಿ. ಸವದು ಸವದು ಒಂದಿನ ಬಟ್ಟಲ ಬಿಟ್ಟು ಹೊರಗ ಬರತೈತಿ."

"ಬಂದ್ರ?"

"ಚಕ್ರ ಮಲಗತೈತಿ. ಗಾಡಿ ಜೋರು ಇತ್ತಂದ್ರ ಒಳಗಿದ್ದವ್ರೂ ಮಲಗ್ತಾರ."

ಮನೆಗೆ ಬಂದು ಆ ಮಾತನ್ನು ಮಿಸ್ತ್ರಿಯ ದನಿಯಲ್ಲೇ ಎಲ್ಲರಿಗೂ ಒಪ್ಪಿಸಿದೆ. ಚಪ್ಪಾಳೆ ಬಿತ್ತು. ಆ ದನಿ ನನಗೆ ಎಷ್ಟು ಹತ್ತಿತೆಂದರೆ, ಮರುವಾರ ಗಿರಣಿಗೆ ಫೋನ್ ಮಾಡಿ "ನಿಮ್ಮ ಕಾರಿನ ಸ್ಟೇರಿಂಗ್ ನನ್ನ ಅಂಗಡ್ಯಾಗ ಉಳದೈತ್ರಿ" ಎಂದೆ. ಮಾವ ಖಾರದ ಕೈಯಲ್ಲೇ ಓಡಿಹೋಗಿ ಕಾರಿನೊಳಗೆ ಇಣುಕಿ, ಕಣ್ಣುಜ್ಜಿಕೊಂಡು ಒಂದು ತಾಸು ಅತ್ತ. ಅದಾದ ಮೇಲೂ ನಾಲ್ಕೈದು ಸಲ ಮಾಡಿದೆ.

ಬೇಸಿಗೆಯಲ್ಲಿ ಕಾರು ಕುಂಯ್ ಕುಂಯ್ ಎನ್ನತೊಡಗಿತು. ಅಮಾವಾಸ್ಯೆಗೆ ಗಿರಣಿಯ ಲಾರಿಗಳನ್ನೆಲ್ಲ ತೊಳೆದು, ಅವುಗಳ ತಳಕ್ಕೆ ಡೀಸೆಲ್ ಬೆರೆಸಿದ ಹಳೆ ಎಂಜಿನ್ ಎಣ್ಣೆ ಹೊಡೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡುವುದು ನಮ್ಮ ರೂಢಿ. ಎಣ್ಣೆ ಬಿದ್ದರೆ ಲಾರಿಯ ಸ್ಪ್ರಿಂಗ್ ಪಟ್ಟಿಗಳು ಕಿರುಗುಟ್ಟುವುದಿಲ್ಲ. ಕಾರನ್ನು ಮಾತ್ರ ಯಾಕೆ ಬಿಡಬೇಕು ಎಂದು ನಾನು ಪೈಪು ಅತ್ತ ತಿರುಗಿಸಿದೆ. ಮೊದಲು ಜೋರು ನೀರು, ಆಮೇಲೆ ಎಣ್ಣೆ. ಕುಂಯ್ ನಿಂತಿತು. "ನೀನೂ ಒಂದು ಕೆಲಸಕ್ಕ ಬಂದಿ" ಎಂದಳು ಅತ್ತೆ. ಆ ಹೊಗಳಿಕೆಗಾಗಿ ಆರು ಅಮಾವಾಸ್ಯೆ ಹೊಡೆದೆ.

ಏಳನೆಯದಕ್ಕೆ ಮುಂಚೆ ಬೇರೆ ಸದ್ದು ಶುರುವಾಯಿತು. ಮುಂದಿನ ಎಡಗಡೆ, ತಗ್ಗು ಬಿದ್ದಾಗ ಒಂದೇ ಸಲ, ಒಣಗಿದ ತೆಂಗಿನಕಾಯಿಗೆ ಬೆರಳಿನಿಂದ ಬಡಿದ ಹಾಗೆ. ಒಂದು ಬೆಳಿಗ್ಗೆ ಮಾವ ಅತ್ತೆಯನ್ನು ಕೂರಿಸಿಕೊಂಡು ನೀಲಗುಂದದ ಬೀಗರ ಮನೆಗೆ ಹೊರಟಾಗ ಗೇಟಿನ ತಗ್ಗಿನಲ್ಲಿ ಆ ಸದ್ದು ಎರಡು ಸಲ ಬಂತು. ಹೊಸ ಐಟಂ ಸಿಕ್ಕಿತೆಂದು ಮಿಸ್ತ್ರಿಗೆ ಫೋನ್ ಹಚ್ಚಿ, ಬಾಯಲ್ಲೇ ಮಾಡಿ ಕೇಳಿಸಿದೆ.

ಯಾವಾಗಲೂ ನಗುವ ಮನುಷ್ಯ ನಗಲಿಲ್ಲ. "ಇನ್ನೊಮ್ಮೆ ಮಾಡು" ಎಂದರು. ಮಾಡಿದೆ. "ಗಾಡಿ ಎಲ್ಲೈತಿ?"

"ಮಾವ ತಗೊಂಡು ಹೋಗ್ಯಾನ್ರಿ. ಅತ್ತಿನೂ ಅದಾಳ."

"ನಾ ಫೋನ್ ಮಾಡ್ತೀನಿ. ನೀ ಬೈಕ್ ತಗಿ."

ನಾನು ಬೈಕಿನ ಕೀ ಹುಡುಕುವಷ್ಟರಲ್ಲಿ ಅವರದೇ ಫೋನ್ ಮತ್ತೆ ಬಂತು. ಗಾಡಿ ನಿಲ್ಲಿಸಬೇಕು, ಚಕ್ರ ಬೀಳುತ್ತದೆ ಎಂದು ಅವರು ಹೇಳಿದರೆ, ನಂಬರು ನೋಡದೆಯೇ ಫೋನೆತ್ತಿದ್ದ ಮಾವ ನಕ್ಕನಂತೆ. "ನಿನ್ನ ಆಟ ನನಗ ಗೊತ್ತಿಲ್ಲೇನಲೇ, ಈ ಸಲ ಮಿಸ್ತ್ರಿ ದನಿ ಇನ್ನೂ ಚೊಲೊ ಬಂದೈತಿ" ಎಂದು ಹೇಳಿ ಫೋನನ್ನೇ ಬಂದ್ ಮಾಡಿದ್ದ.

ಹರಪನಹಳ್ಳಿ ರಸ್ತೆಯಲ್ಲಿ ಬೈಕು ಓಡಿಸುವಾಗ ನನ್ನ ಬಾಯಿ ತಾನಾಗಿಯೇ ಆ ಸದ್ದು ಮಾಡುತ್ತಿತ್ತು. ನಿಲ್ಲಿಸಲು ಹಲ್ಲು ಕಚ್ಚಿದೆ. ಎರಡೂ ಕಡೆ ಜೋಳದ ಹೊಲ, ಖಾಲಿ ರಸ್ತೆ. ಪ್ರತಿ ತಿರುವಿನಲ್ಲೂ ಮೊದಲು ಕೆಂಪು ಬಣ್ಣಕ್ಕಾಗಿ ಹೊಲದೊಳಗೆ ನೋಡಿ, ಆಮೇಲೆ ರಸ್ತೆ ನೋಡುತ್ತಿದ್ದೆ. ಕೊನೆಗೆ ಕಾರು ರಸ್ತೆಯ ಮೇಲೆಯೇ ಕಂಡಿತು. ಹಾರ್ನ್ ಹೊಡೆದು ಕೈ ಬೀಸಿದೆ. ಮಾವನಿಗೆ ಕನ್ನಡಿಯಲ್ಲಿ ನಾನು ಕಂಡೆ. ಅವನೂ ಕೈ ಬೀಸಿ, ರೇಸ್ ಎಂದುಕೊಂಡು ಕಾರನ್ನು ಇನ್ನಷ್ಟು ಓಡಿಸಿದ. ಅತ್ತೆಯ ಸೆರಗು ಕಿಟಕಿಯಿಂದ ಹೊರಗೆ ಪಟಪಟ ಹಾರುತ್ತಿತ್ತು.

ಮುಂದೆ ಒಂದು ಹಳ್ಳಿ, ಹಳ್ಳಿಗೊಂದು ಹಂಪು, ಗಾಡಿಗಳ ವೇಗ ಇಳಿಸುವ ರಸ್ತೆಯುಬ್ಬು. ಹೊಟ್ಟೆ ನೆಲಕ್ಕೆ ತಾಗುವ ಆ ಕಾರನ್ನು ಮಾವ ಹಂಪಿನ ಮೇಲೆ ಯಾವಾಗಲೂ ಓರೆಯಾಗಿ, ಇರುವೆಯ ಹಾಗೆ ಹತ್ತಿಸುತ್ತಿದ್ದ. ಅದನ್ನೂ ನಾನು ನಡೆದು ತೋರಿಸಿ ನಗಿಸಿದ್ದೆ. ಅವತ್ತು ಕಾರು ಹಾಗೆಯೇ ಹತ್ತಿತು, ಹಾಗೆಯೇ ಇಳಿಯಿತು, ಇಳಿದಲ್ಲೇ ಎಡಗಡೆ ಕುಸಿಯಿತು. ಚಕ್ರ ಹೊರಕ್ಕೆ ವಾಲಿ, ಉಳುಕಿದ ಪಾದದಂತೆ ಸೊಟ್ಟಗೆ ನಿಂತಿತು. ಅತ್ತೆ ಇಳಿದು, ಚಕ್ರ ನೋಡಿ, ನಾವು ಬಂದ ಉದ್ದನೆಯ ರಸ್ತೆಯನ್ನು ನೋಡಿದಳು.

ಮಿಸ್ತ್ರಿ ಟೆಂಪೋದಲ್ಲಿ ಬಂದಾಗ ಮಧ್ಯಾಹ್ನ. ಮಾವ ಅವರ ಮುಖವನ್ನು ನೋಡಲಾರದೆ ಟೆಂಪೋದ ಟೈರನ್ನು ನೋಡುತ್ತ ನಿಂತ. ಅವರು ಕೆಳಗೆ ಕೈ ಹಾಕಿ ರಬ್ಬರಿನ ಟೊಪ್ಪಿಗೆಯನ್ನು ಹಿಸುಕಿದರು. ಹಣ್ಣಾದ ಬಾಳೆಯಂತೆ ಜಜ್ಜಿ ಕೈಗೆ ಅಂಟಿತು. ಬೆರಳು ಮೂಸಿ ನೋಡಿದರು.

"ಡೀಸೆಲ್. ರಬ್ಬರಿಗೆ ಎಣ್ಣಿ ಕುಡಿಸ್ಯಾರ, ಕೊಳತೈತಿ. ಯಾರು?"

"ನಮ್ಮಲ್ಲಿ ಯಾರು ಹೊಡೀತಾರ್ರಿ, ತೋಳು ಕಳಿಸಿದವ್ರು ಹೊಡದಿರಬೇಕು" ಎಂದ ಮಾವ.

"ನಾನ" ಎಂದೆ.

ಮಾವ ನನ್ನತ್ತ ತಿರುಗಿದ. "ಇದು ಯಾರ ದನಿ ಮಾಡಾಕ ಹತ್ತೀಲೇ?"

"ಯಾರದೂ ಅಲ್ಲ. ಪ್ರತಿ ಅಮಾಸಿಗೆ ನಾನ ಹೊಡದೀನಿ."

ಮಿಸ್ತ್ರಿ ಅಂಟಿದ್ದನ್ನು ಹುಲ್ಲಿಗೆ ಒರೆಸಿಕೊಂಡರು. "ಬಲಗಡೆದಕ್ಕ?"

"ಹೊಡದೀನ್ರಿ."

"ಹಿಂದಿನವಕ್ಕ?"

"ಎರಡಕ್ಕೂ."

ಬಲಗಡೆಯ ಚಕ್ರಕ್ಕೆ ಒರಗಿ ನಿಂತಿದ್ದ ಅತ್ತೆ ಮೆಲ್ಲಗೆ ಅಲ್ಲಿಂದ ಸರಿದು ದೂರ ನಿಂತಳು. ಮಿಸ್ತ್ರಿ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಆ ಕಡೆಗೆ ತೆವಳಿದರು. "ಕೈ ಚಾಚು, ಬರಕೋ" ಎಂದರು. ನಾನು ಅಂಗೈ ಚಾಚಿದೆ. ಅವರು ಓದಿದ ಒಂದೊಂದು ಅಂಕಿಯನ್ನೂ ನನ್ನದೇ ದನಿಯಲ್ಲಿ ತಿರುಗಿ ಹೇಳುತ್ತ ಬರೆದುಕೊಂಡೆ.